ಹುಳುಮನೆಗೆ ನಾನು ಕಾಲಿಟ್ಟಿರಲಿಲ್ಲ

೧೯೭೧ರ ಮಳೆಗಾಲ. ಗದಗದ ಕಡೆ ರೈಲ್ವೆ ಗ್ಯಾಂಗ್‌ಮನ್ ಆಗಿದ್ದ ನನ್ನ ಮಗ ಬಸವರಾಜನಿಗೆ ದೊಡ್ಡಬಳ್ಳಾಪುರದ ಆಚೆ, ಮಾಕಳಿದುರ್ಗದ ಕಡೆಗೆ ವರ್ಗವಾಯಿತು. ಸೊಸೆ ಶಾಂತಾ ಚೊಚ್ಚಲ ಬಸುರಿ. ತಾಯಿಯಿಲ್ಲದ ಹುಡುಗಿ, ತವರಿಗೆ ಕಳಿಸುವಂತಿರಲಿಲ್ಲ. ನಾನೂ ಗಂಡನನ್ನು ಕಳೆದುಕೊಂಡು ಒಬ್ಬಳೇ ಇದ್ದೆ. ರೊಟ್ಟಿಯ ಹಂಚು, ಎರಡು ಸೀರೆ ಗಂಟು ಕಟ್ಟಿಕೊಂಡು ಅವರ ಹಿಂದೆ ರೈಲು ಹತ್ತಿದೆ. ಆಗಲೇ ನನಗೆ ಐವತ್ತೈದು ದಾಟಿತ್ತು.

ನಮ್ಮದು ಎರೆಭೂಮಿ. ಎಷ್ಟು ದೂರ ನೋಡಿದರೂ ಹಂಚಿನ ಹಾಗೆ ಚಪ್ಪಟೆ. ಹುಟ್ಟಿದಾಗಿನಿಂದ ಹತ್ತಿ, ಜೋಳ ಬಿಟ್ಟು ಬೇರೆ ಕಂಡವಳಲ್ಲ. ಇಲ್ಲಿ ರೈಲಿನಿಂದ ಇಳಿದು ತಲೆಯೆತ್ತಿದರೆ ಬೆಟ್ಟ! ಯಾರೋ ಆಟಕ್ಕೆ ಒಂದರ ಮೇಲೊಂದು ಇಟ್ಟು ಮರೆತು ಹೋದ ಹಾಗೆ ಬಂಡೆಗಳು. ಮೇಲೆ ಹಳೇ ಕೋಟೆಯ ಗೋಡೆ, ಕೆಳಗೆ ಕೆರೆ. ನಾನು ಬಾಯಿ ತೆರೆದುಕೊಂಡು ನಿಂತುಬಿಟ್ಟೆ. ಮಗ ನಕ್ಕು, "ಯವ್ವಾ, ಬಾಯಿ ಮುಚ್ಚು, ನೊಣ ಹೋದಾವು" ಎಂದ.

ಬೆಟ್ಟದ ಬುಡದ ಹಳ್ಳಿಯಲ್ಲಿ ಪುಟ್ಟತಾಯಮ್ಮ ಎನ್ನುವವರ ಮನೆಯ ಒಂದು ಬದಿ ನಮಗೆ ಬಾಡಿಗೆಗೆ ಸಿಕ್ಕಿತು. (ಊರಿನವರ ಹೆಸರುಗಳನ್ನು ಬದಲಾಯಿಸಿದ್ದೇನೆ.) ಅವರದು ಹೊಲ ತೋಟವಿದ್ದ ಮನೆ. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಿದ್ದರು. ನಮ್ಮ ಅಡುಗೆಮನೆಯ ಗೋಡೆಯ ಆಚೆಗೇ ಅವರ ಹುಳುಮನೆ. ಹೋದ ದಿನವೇ ಪುಟ್ಟತಾಯಮ್ಮ ಬಂದು, "ಎಲ್ಲಿ ಬೇಕಾದ್ರೂ ಓಡಾಡಿ, ಹುಳುಮನೆಗೆ ಮಾತ್ರ ಕಾಲಿಡ್ಬೇಡಿ. ಹೊರಗಿನೋರು ಬಂದ್ರೆ ಹುಳಕ್ಕೆ ಆಗಲ್ಲ. ಹುಳ ಹಣ್ಣಾಗೋ ಹೊತ್ತಲ್ಲಿ ಒಗ್ಗರಣೆನೂ ಹಾಕಂಗಿಲ್ಲ, ವಾಸನೆ ತಡೆಯಲ್ಲ" ಎಂದು ಹೇಳಿದರು. ನಾವು ಹೂಂ ಎಂದೆವು. ಹುಳುಗಳು ಹಣ್ಣಾಗಿ ಗೂಡು ಕಟ್ಟುವ ವಾರದಲ್ಲಿ ನಮ್ಮ ಮನೆಯಲ್ಲಿ ಸಾರಿಗೆ ಸಾಸಿವೆ ಸಿಡಿಯುತ್ತಿರಲಿಲ್ಲ.

ಆಮೇಲೆ ನನಗೆ ಬೆಟ್ಟದ ಹುಚ್ಚು ಹಿಡಿಯಿತು. ಬೇರೆ ಯಾವ ಮಾತೂ ಅದಕ್ಕೆ ಹೊಂದುವುದಿಲ್ಲ. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಹೊರಟೆನೆಂದರೆ ಬಿಸಿಲು ಏರಿದ ಮೇಲೆಯೇ ಮನೆ. ಊರ ಹೆಂಗಸರು ಬೆರಕೆ ಸೊಪ್ಪು ಕೀಳಲು ಹೊಲದ ಬದುಗಳಿಗೆ ಹೋಗುತ್ತಿದ್ದರು. ನಾನೂ ಅವರ ಹಿಂದೆ. ಅಣ್ಣೆಸೊಪ್ಪು ಯಾವುದು, ಕನ್ನೆಸೊಪ್ಪು ಯಾವುದು, ಒಂದೂ ನನಗೆ ಗೊತ್ತಿರಲಿಲ್ಲ. ಕಂಡದ್ದನ್ನೆಲ್ಲ ಕಿತ್ತು ಮಡಿಲು ತುಂಬಿಸಿದರೆ ಅವರಿಗೆ ನಗು.

"ಲೇ ನೋಡ್ರೇ, ಅಜ್ಜಿ ದನಕ್ಕೆ ಕಿತ್ತವ್ರೆ!"

"ದನಕ್ಕಲ್ಲ ಕಣೇ, ಮಗನಿಗೆ!"

ನಾನೂ ಬಿಡುತ್ತಿರಲಿಲ್ಲ. "ನನ್ನ ಮಗಾ ದನಾನೇ ಬಿಡ್ರೆವ್ವಾ, ಹಾಕಿದ್ದ ತಿಂತಾನ" ಎನ್ನುತ್ತಿದ್ದೆ. ನನ್ನ ಮಾತಿಗೇ ಅವರು ಇನ್ನೊಂದು ಸಲ ನಗುತ್ತಿದ್ದರು. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿಸಿದವರೂ ಅವರೇ. ದಿನ ಕಳೆದ ಹಾಗೆ ಒಬ್ಬಳೇ ಮೇಲೆ ಹತ್ತಲು ಶುರು ಮಾಡಿದೆ. ಸೀತಾಫಲದ ಪೊದೆ ಎಲ್ಲಿದೆ, ಯಾವ ಬಂಡೆಯ ಸಂದಿನಲ್ಲಿ ಮಳೆನೀರು ನಿಲ್ಲುತ್ತದೆ, ಎಲ್ಲ ನನಗೆ ಗೊತ್ತಾಯಿತು. ಅರ್ಧ ದಾರಿಯಲ್ಲಿ ಒಂದು ಅಗಲವಾದ ಬಂಡೆ. ಅಲ್ಲಿ ಕೂತರೆ ಊರು, ಕೆರೆ, ರೈಲಿನ ಹಳಿ, ಹಳಿಯ ಮೇಲೆ ಕೆಲಸ ಮಾಡುವ ನನ್ನ ಮಗ, ಎಲ್ಲ ಕಾಣುತ್ತಿತ್ತು. ಹುಡುಗಿಯಾಗಿದ್ದಾಗಲೂ ನಾನು ಅಷ್ಟು ಸಂತೋಷ ಪಟ್ಟಿರಲಿಲ್ಲ. ಮೊಮ್ಮಗು ಹುಟ್ಟಿದ ಮೇಲೆ ಸೊಂಟದ ಮೇಲೆ ಕೂರಿಸಿಕೊಂಡು ಇಲ್ಲಿಗೆ ಬರುತ್ತೇನೆ ಎಂದು ಬೆಟ್ಟಕ್ಕೇ ಹೇಳಿ ಬರುತ್ತಿದ್ದೆ.

ಪುಟ್ಟತಾಯಮ್ಮನವರ ಸೊಸೆ ಜಯಾ. ಇಪ್ಪತ್ತು ತುಂಬಿರಲಿಕ್ಕಿಲ್ಲ. ಸೊಪ್ಪು ಕತ್ತರಿಸುವುದು, ಹುಳುಗಳಿಗೆ ಹಾಕುವುದು, ತಟ್ಟೆ ಬದಲಿಸುವುದು, ಇಡೀ ದಿನ ಅದೇ ಕೆಲಸ. ಅತ್ತೆಯ ಕೈ ಸ್ವಲ್ಪ ಮುಂದು. ಒಮ್ಮೆ ಬಚ್ಚಲಲ್ಲಿ ಅವಳ ಬೆನ್ನಿನ ಮೇಲಿನ ಬಾಸುಂಡೆ ಕಂಡು ನಾನು ಕೊಬ್ಬರಿ ಎಣ್ಣೆ ಹಚ್ಚಿದ್ದೆ. ಅಂದಿನಿಂದ ಅವಳು ನನಗೆ ಮಗಳೇ ಆಗಿಬಿಟ್ಟಳು. ನಾನು ಬೆಟ್ಟದಿಂದ ಇಳಿದು ಬಂದರೆ ಹಿತ್ತಲ ಬಾಗಿಲಲ್ಲಿ ನಿಂತು, "ಇವತ್ತೇನ್ ಕಂಡ್ರಿ ಅಜ್ಜಿ?" ಎಂದು ಕೇಳುತ್ತಿದ್ದಳು. ನವಿಲು ಕಂಡೆ ಎಂದರೆ ಅವಳ ಮುಖ ಅರಳುತ್ತಿತ್ತು.

ಶಾಂತಾಗೆ ಒಂಬತ್ತು ತುಂಬಿತ್ತು. ಆ ಹೊತ್ತಿಗೆ ಪುಟ್ಟತಾಯಮ್ಮನವರ ಮನೆಯವರೆಲ್ಲ ನಂದಗುಡಿಗೆ ನೆಂಟರ ಮದುವೆಗೆ ಹೋದರು. ಹುಳುಗಳು ನಾಲ್ಕನೇ ಜ್ವರ ಕಳೆದು ಎದ್ದಿದ್ದವು. ಹುಳು ಪೊರೆ ಬಿಡುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ಆ ಜ್ವರದಿಂದೆದ್ದ ಹುಳುಗಳಿಗೆ ವಿಪರೀತ ಹಸಿವು. ಅದಕ್ಕೇ ಜಯಾಳನ್ನು ಮನೆಯಲ್ಲೇ ಬಿಟ್ಟು ಹೋಗಿದ್ದರು. ಮಧ್ಯಾಹ್ನ ಅವಳು ನನ್ನ ಹತ್ತಿರ ಬಂದು ಪಿಸುಗುಟ್ಟಿದಳು.

"ಅಜ್ಜಿ, ನಂಗೂ ಆ ಬಂಡೆ ತೋರ್ಸಿ. ಮದ್ವೆಯಾಗಿ ಬಂದಾಗಿಂದ ಕೆಳಗಿಂದಾನೇ ನೋಡ್ತಿದ್ದೀನಿ."

"ನಿಮ್ಮತ್ತಿಗೆ ಗೊತ್ತಾದ್ರ?"

"ಯಾರ್ ಹೇಳ್ತಾರೆ? ನೀವ್ ಹೇಳ್ತೀರಾ? ಹುಳಕ್ಕೆ ಸೊಪ್ಪು ಹಾಕಿದ್ದೀನಿ. ಬಂದು ನಾಳೇದಕ್ಕೆ ಕತ್ತರಿಸ್ಕೋತೀನಿ."

ಹೋದೆವು. ಅವಳು ಸೆರಗು ಸಿಕ್ಕಿಸಿಕೊಂಡು ಮೇಕೆಯ ಹಾಗೆ ಹತ್ತಿದಳು. ಸೀತಾಫಲ ಒಡೆದು ತಿಂದು ಬೀಜಗಳನ್ನು ಎಷ್ಟು ದೂರ ಉಗಿಯಬಲ್ಲೆವೆಂದು ಪಂದ್ಯ ಕಟ್ಟಿದೆವು. ಅವಳೇ ಗೆದ್ದಳು. ಕೆಳಗೆ ರೈಲು ಹೋದಾಗ ಕೈ ಬೀಸಿ ಕೂಗಿದಳು. ಮಜ್ಜಿಗೆ ಹುಲ್ಲಿನ ಘಮ ಅವಳಿಗೂ ತೋರಿಸಿ, ಕಷಾಯಕ್ಕೆಂದು ನಾನೊಂದು ಕಟ್ಟು ಕಿತ್ತುಕೊಂಡೆ. ಇಳಿದು ಊರು ಮುಟ್ಟುವಷ್ಟರಲ್ಲಿ ಕತ್ತಲಾಗಿಬಿಟ್ಟಿತ್ತು. ಸೊಪ್ಪು ಕತ್ತರಿಸಲು ಆಗಲಿಲ್ಲ.

ಬೆಳಿಗ್ಗೆ ಎದ್ದರೆ ಜಿಟಿಜಿಟಿ ಮಳೆ. ನಾನು ಹಿತ್ತಲಿಗೆ ಬಂದಾಗ ಜಯಾ ತೊಟ್ಟಿಕ್ಕುವ ಸೊಪ್ಪಿನ ಹೊರೆಯನ್ನು ತಲೆ ಮೇಲೆ ಹೊತ್ತು ತೋಟದಿಂದ ಬರುತ್ತಿದ್ದಳು. ಒದ್ದೆ ಸೊಪ್ಪು ತಿಂದರೆ ಹುಳು ಉಳಿಯುವುದಿಲ್ಲ ಎಂದು ನನಗೆ ಹೇಳಿದವಳೇ ಅವಳು. ಕೇಳಿದೆ. ಅಳುವ ದನಿಯಲ್ಲಿ, "ತಲೆ ಎತ್ತಿ ಎತ್ತಿ ನೋಡ್ತಾವೆ ಅಜ್ಜಿ, ಹಸ್ಕೊಂಡು. ಏನ್ ಮಾಡ್ಲಿ? ಒರೆಸಿ ಹಾಕ್ತೀನಿ" ಎಂದಳು. ನಾನು ಹೊರಗೆ ಜಗುಲಿಯಲ್ಲಿ ಕೂತು ಅವಳ ಜೊತೆ ಒಂದೊಂದೇ ಎಲೆ ಸೆರಗಿನಲ್ಲಿ ಒರೆಸಿದೆ. ಅಷ್ಟು ದೊಡ್ಡ ಹೊರೆ ಎಲ್ಲಿ ಒರೆಸಿ ಮುಗಿಯುತ್ತದೆ! ಕೊನೆಗೆ ಉಳಿದದ್ದನ್ನು ಹಾಗೇ ಬಾಚಿ ಒಳಗೆ ಒಯ್ದಳು. ನಾನು ಹೊಸ್ತಿಲು ದಾಟಲಿಲ್ಲ.

ಮದುವೆಯಿಂದ ಅವರು ಬಂದ ಮೇಲೆ ಒಂದೆರಡು ದಿನ ಏನೂ ಕಾಣಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಪುಟ್ಟತಾಯಮ್ಮನವರ ಕೂಗು ಕೇಳಿ ಓಡಿ ಬಂದೆವು. ಹುಳುಗಳು ಸಪ್ಪೆಯಾಗಿ, ಕಪ್ಪಾಗಿ, ತಟ್ಟೆಯ ಅಂಚಿಗೆ ಜೋತುಬಿದ್ದಿದ್ದವಂತೆ. ಅಂಗಳದ ತುಂಬ ಕೆಟ್ಟ ವಾಸನೆ. ಆಯಮ್ಮ ಎದೆ ಎದೆ ಬಡಿದುಕೊಳ್ಳುತ್ತ ಬಂದವರು ನಮ್ಮ ಬಾಗಿಲಿಗೆ ನೇತು ಹಾಕಿದ್ದ ಮಜ್ಜಿಗೆ ಹುಲ್ಲನ್ನು ಕಂಡರು.

"ಇದೇನಿದು? ಈ ವಾಸನೆ ಗುಡ್ಡೆ ಎಲ್ಲಿಂದ ತಂದ್ರಿ? ಊರು, ಬೆಟ್ಟ, ಸುಡುಗಾಡು ಎಲ್ಲ ಸುತ್ಕೊಂಡು ಬರ್ತೀರಲ್ಲ, ಹುಳುಮನೆಗೂ ಹೋಗಿದ್ರಾ?"

"ಇಲ್ರೀ ಯವ್ವಾ, ನಾ ಕಾಲಿಟ್ಟಿಲ್ಲ" ಎಂದೆ.

ಅವರು ಸೊಸೆಯ ಕಡೆ ತಿರುಗಿದರು. "ನಾವಿಲ್ದಾಗ ಯಾರ್ ಬಂದಿದ್ರು? ಸೊಪ್ಪು ಸರಿಯಾಗಿ ಹಾಕಿದ್ಯೋ ಇಲ್ವೋ? ಬೊಗಳೇ!"

ಜಯಾ ಒಂದು ಸಲ ನನ್ನನ್ನು ನೋಡಿದಳು. ಸೆರಗಿನ ತುದಿ ಬಾಯಲ್ಲಿತ್ತು. ಅದನ್ನು ತೆಗೆದು ನೆಲ ನೋಡುತ್ತ ಹೇಳಿದಳು: "ಸೊಪ್ಪು ಒದ್ದೆಯಿಲ್ದಿರೋದೇ ಹಾಕ್ದೆ ಅತ್ತೆ. ಅಜ್ಜಿ ಒಳಗೆ ಬಂದಿದ್ರು. ಬೇಡ ಅಂದ್ರೂ ಬಂದ್ರು. ಕೈಯಲ್ಲಿ ಆ ಹುಲ್ಲಿತ್ತು."

ನನ್ನ ಬಾಯಿ ತೆರೆಯಿತು. ಹೇಳಬೇಕಾದ್ದೆಲ್ಲ ನಾಲಿಗೆ ಮೇಲೇ ಇತ್ತು. ಆದರೆ ಹೇಳಿದರೆ ಅವಳು ಬೆಟ್ಟ ಹತ್ತಿದ್ದೂ ಹೊರಗೆ ಬರುತ್ತಿತ್ತು. ನಾನೇ ಎಣ್ಣೆ ಹಚ್ಚಿದ್ದ ಆ ಬೆನ್ನು ಕಣ್ಣಿಗೆ ಬಂತು. ಅತ್ತೆಯ ಸಿಟ್ಟು ಇಳಿದ ಮೇಲೆ ಅವಳೇ ನಿಜ ಹೇಳುತ್ತಾಳೆ, ನನ್ನ ಜಯಾ ಅಂಥವಳಲ್ಲ ಎಂದುಕೊಂಡೆ. ಬಾಯಿ ಮುಚ್ಚಿದೆ.

ನಾನು ಸುಮ್ಮನಾದದ್ದೇ ಒಪ್ಪಿಕೊಂಡ ಹಾಗಾಯಿತು. "ಮನೆ ಖಾಲಿ ಮಾಡಿ, ನಾಳೆ ನಿಮ್ಮ ಮುಖ ನಾನು ನೋಡಬಾರದು" ಎಂದರು ಪುಟ್ಟತಾಯಮ್ಮ. ಸೊಪ್ಪು ಕೀಳುವ ಹೆಂಗಸರೆಲ್ಲ ಬೇಲಿಯಾಚೆ ನಿಂತಿದ್ದರು. ಜೊತೆಗೆ ನಕ್ಕವರು, ಮುದ್ದೆ ನುಂಗಲು ಕಲಿಸಿದವರು. ಅವರಲ್ಲೊಬ್ಬಳು, "ಹೊರಗಿನೋರನ್ನ ಒಳಗೆ ಬಿಟ್ರೆ ಇಷ್ಟೇ" ಎಂದಳು. ಆ ಮಾತು ನನಗೆ ಕೇಳಿಸಲಿ ಎಂದೇ ಹೇಳಿದ್ದು.

ಮಗ ಕೆಲಸದಿಂದ ಬಂದವನು ಸುದ್ದಿ ಕೇಳಿ ಹಣೆಗೆ ಕೈ ಹಚ್ಚಿ ಕೂತ. "ಯವ್ವಾ, ಅದೊಂದು ಜಾಗಾ ಬಿಟ್ಟು ಎಲ್ಲಾ ಕಡಿ ತಿರಗು ಅಂದಿದ್ರಲ್ಲ, ಅದೊಂದು ಕೇಳಾಕ ಆಗಲಿಲ್ಲೇನ ನಿನಗ? ತುಂಬಿದ ಬಸುರಿ ಕಟ್ಕೊಂಡು ನಾ ಎಲ್ಲಿಗೆ ಹೋಗಲಿ?" ಎಂದ. ಅವನಿಗಾದರೂ ಹೇಳಬಹುದಿತ್ತು. ಅವನು ಸಿಟ್ಟಿನವನು, ನೇರ ಹೋಗಿ ಜಗಳ ತೆಗೆಯುತ್ತಿದ್ದ. ನಾನು ಪಾತ್ರೆ ಗಂಟು ಕಟ್ಟತೊಡಗಿದೆ.

ಮರುದಿನ ಬೆಳಿಗ್ಗೆ ಗಾಡಿ ಹೂಡುವವರೆಗೂ ನಾನು ಹಿತ್ತಲ ಬಾಗಿಲನ್ನೇ ನೋಡುತ್ತಿದ್ದೆ. ಬಾಗಿಲು ತೆರೆಯಲಿಲ್ಲ.

ದೊಡ್ಡಬಳ್ಳಾಪುರ ಸೇರುವಷ್ಟರಲ್ಲಿ ಗಾಡಿಯ ಕುಲುಕಿಗೆ ಶಾಂತಾಗೆ ನೋವು ಶುರುವಾಯಿತು. ಮುಂದೆ ಹೋಗುವಂತಿರಲಿಲ್ಲ. ನೇಕಾರರ ಬೀದಿಯಲ್ಲಿ ಗಾಡಿ ನಿಲ್ಲಿಸಿದೆವು. ಯಾರೋ ಒಬ್ಬ ತಾಯಿ ಮಗ್ಗ ನಿಲ್ಲಿಸಿ ಹೊರಗೆ ಬಂದು, ನಾವು ಯಾರು ಎತ್ತ ಒಂದೂ ಕೇಳದೆ, "ಮೊದ್ಲು ಒಳಗೆ ಕರ್ಕೊಂಬನ್ನಿ" ಎಂದಳು. ನೀರು ಕಾಯಿಸಿದಳು, ಸೂಲಗಿತ್ತಿಗೆ ಹೇಳಿ ಕಳಿಸಿದಳು. ಹೊರಗಿನವರಾದ ನಮ್ಮನ್ನು ಅವಳು ಒಳಗೇ ಕರೆದಳು. ನಾನು ಅದಕ್ಕೇ ಅತ್ತುಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ನನ್ನ ಗಿರಿಜಾ ಹುಟ್ಟಿದಳು.

ಆ ಸಂತೋಷವನ್ನು ಹೇಗೆ ಬರೆಯಲಿ! ಕೈಗೆ ಕೊಟ್ಟಾಗ ಬಿಸಿ ಬಿಸಿಯಾಗಿ, ಮುಷ್ಟಿ ಕಟ್ಟಿಕೊಂಡು ನನ್ನನ್ನೇ ಬೈಯುವ ಹಾಗೆ ಕಿರುಚುತ್ತಿದ್ದಳು. ನಾನು ನಗುತ್ತಿದ್ದೇನೋ ಅಳುತ್ತಿದ್ದೇನೋ ನನಗೇ ಗೊತ್ತಿರಲಿಲ್ಲ. ಈಗ ಅವಳು ಎರಡನೇ ಕ್ಲಾಸು. ಮೂರನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ತಪ್ಪಿದಲ್ಲೆಲ್ಲ ಒತ್ತಕ್ಷರ ತಿದ್ದುತ್ತಾಳೆ. ಅವಳು ಮನೆಯಲ್ಲಿ ಓಡಾಡಿದರೆ ನನಗೆ ಹೊಟ್ಟೆ ತುಂಬುತ್ತದೆ. ದೇವರು ನನಗೆ ಕೊಟ್ಟದ್ದು ಬಹಳ, ಇಲ್ಲವೆನ್ನುವುದಿಲ್ಲ.

ಹೋದ ವರ್ಷ ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಜಯಾ ಸಿಕ್ಕಳು. ಮೈ ತುಂಬಿಕೊಂಡು ಚೆನ್ನಾಗಿದ್ದಳು. ಅತ್ತೆ ತೀರಿಕೊಂಡರಂತೆ, ಈಗ ಮನೆಗೆ ಅವಳೇ ಯಜಮಾನಿಯಂತೆ. "ಅಜ್ಜೀ!" ಎಂದು ಓಡಿ ಬಂದು ಕೈ ಹಿಡಿದಳು. ಗಿರಿಜಾಳ ಗಲ್ಲ ಹಿಂಡಿ ಬಾಳೆಹಣ್ಣು ಕೊಡಿಸಿದಳು. ಈಗ ಅವಳಿಗೆ ಯಾರ ಭಯವೂ ಇಲ್ಲ, ನಿಜ ಹೇಳುತ್ತಾಳೆ ಎಂದುಕೊಂಡೆ. ಮಗನೂ ಪಕ್ಕದಲ್ಲೇ ಇದ್ದ.

ಮೊದಲು ಮಾತಾಡಿದವನು ಅವನು. "ಅಕ್ಕಾರ, ಆವತ್ತು ನಮ್ಮವ್ವನಿಂದ ನಿಮ್ಮ ಬೆಳಿ ಹಾಳಾತು. ಆಕಿಗೆ ತಿಳೀಲಿಲ್ಲ. ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ" ಎಂದು ಕೈ ಮುಗಿದ.

ಜಯಾ ನನ್ನ ಮುಖ ನೋಡಿದಳು. ನಾನೂ ನೋಡಿದೆ. ಅವಳು ನನ್ನ ಕೈಯನ್ನು ಮೆಲ್ಲಗೆ ತಟ್ಟಿ, "ಅಯ್ಯೋ ಬಿಡಿ ಅಣ್ಣ, ವಯಸ್ಸಾದೋರು. ನಾವು ಅವತ್ತೇ ಮರೆತ್ಬಿಟ್ವಿ" ಎಂದಳು.

ಬಸ್ಸು ಬಂತು, ಹತ್ತಿದೆವು. ಕಿಟಕಿಯ ಹೊರಗೆ ಅವಳು ಕೈ ಬೀಸುತ್ತಿದ್ದಳು, ಮೊಮ್ಮಗಳು ತಿರುಗಿ ಬೀಸಿದಳು. ಮಗ ನನ್ನ ಕಡೆ ಬಾಗಿ, "ನೋಡಿದೇನವ್ವಾ, ಎಷ್ಟು ದೊಡ್ಡ ಮನಸ್ಸು ಆ ಹೆಣ್ಮಗಳದು" ಎಂದ. ನಾನು ಹೂಂ ಎಂದೆ. ಅವಳ ಸುಳ್ಳನ್ನು ನಾನು ಹೇಗೋ ನುಂಗಿಕೊಂಡಿದ್ದೆ. ಅವಳು ಕೊಟ್ಟ ಕ್ಷಮೆ ಮಾತ್ರ ಇವತ್ತಿಗೂ ಗಂಟಲಿನಿಂದ ಕೆಳಗೆ ಇಳಿದಿಲ್ಲ.