ವಿಮಾನದ ಕೊಳವೆಗೆ ಹಚ್ಚಿದ ಗಂಧ

ನಮ್ಮ ಡೊಂಬಿವಲಿಯ ಚಾಳಿನಲ್ಲಿ ಮುಂಡಪ್ಪಣ್ಣನಷ್ಟು ಜಂಬದ ಮನುಷ್ಯ ಇನ್ನೊಬ್ಬನಿರಲಿಲ್ಲ. ಉಡುಪಿ ಕಡೆಯ ಉಳಿದವರೆಲ್ಲ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರೆ ಇವನು ವಿಮಾನ ತೊಳೆಯುತ್ತಿದ್ದ. ಕಲ್ಯಾಣದಾಚೆ ಯುದ್ಧಕಾಲದ ಹಳೆಯ ರನ್‌ವೇ ಒಂದಿತ್ತು. ಅಲ್ಲೊಂದು ಸಣ್ಣ ಹಾರಾಟದ ಕ್ಲಬ್ಬು, ಕ್ಲಬ್ಬಿಗೆ ಇಬ್ಬರು ಕೂರುವ ಒಂದೇ ವಿಮಾನ. ಅದನ್ನು ತಳ್ಳುವುದು, ಒರೆಸುವುದು ಅವನ ಕೆಲಸ. "ನಮ್ಮ ವಿಮಾನ" ಎಂದೇ ಹೇಳುತ್ತಿದ್ದ. ಒಮ್ಮೆಯೂ ಹತ್ತಿ ಕೂತವನಲ್ಲ, ಅದು ಬೇರೆ ಮಾತು.

ಎಂಬತ್ತಮೂರರಲ್ಲಿ ಅಲ್ಲಿ ಅವನ ಮೊದಲ ಆಯುಧಪೂಜೆ. ನೋಡಲು ನನ್ನನ್ನೂ ಎಳೆದುಕೊಂಡು ಹೋದ. ವಿಮಾನದ ಮೂತಿಗೆ ಚೆಂಡುಹೂವಿನ ಮಾಲೆ, ಚಕ್ರದಡಿ ನಿಂಬೆಹಣ್ಣು. ಹೆಂಡತಿ ಜಯಲತಾ ತೇದು ಕೊಟ್ಟ ಗಂಧ ಗಟ್ಟಿಯಾಗಿತ್ತು. ರೆಕ್ಕೆ, ಬಾಲ, ಬಾಗಿಲು ಎಲ್ಲಕ್ಕೂ ಹಚ್ಚಿದ. ಎಡರೆಕ್ಕೆಯ ಕೆಳಗೆ ಒಂದು ಸಣ್ಣ ಕೊಳವೆ ಮುಂದಕ್ಕೆ ಚಾಚಿಕೊಂಡಿತ್ತು. ಅದರ ತುದಿಗೂ ದಪ್ಪಗೆ ಬೊಟ್ಟಿಟ್ಟು ಅಕ್ಕಿಕಾಳು ಅಂಟಿಸಿದ.

ಪೂಜೆಯಾದ ಯಂತ್ರವನ್ನು ಒಮ್ಮೆ ಓಡಿಸಲೇಬೇಕಲ್ಲ! ಠಾಣೆಯ ಹೋಟೆಲ್ ಮಾಲೀಕರ ಮಗ ಪ್ರೇಮನಾಥ ಆಗಷ್ಟೇ ಒಂಟಿಯಾಗಿ ಹಾರಲು ಕಲಿತಿದ್ದ. ಮಾಲೆ ತೆಗೆದಿಟ್ಟು, ನಿಯಮದಂತೆ ವಿಮಾನಕ್ಕೆ ಒಂದು ಸುತ್ತು ಬಂದು, ಎಲ್ಲ ಮುಟ್ಟಿ ನೋಡಿ ಹತ್ತಿದ. ನಿಂಬೆಹಣ್ಣು ಚಪ್ಪಟೆಯಾಯಿತು, ವಿಮಾನ ಏರಿತು.

ಸ್ವಲ್ಪ ಹೊತ್ತಿಗೆ, ಹಾರಲು ಕಲಿಸುವ ಹೃಷೀಕೇಶ ಸಾಹೇಬರ ಕೈಯಲ್ಲಿದ್ದ ರೇಡಿಯೊದಲ್ಲಿ ಹುಡುಗ ಕೂಗಿದ. "ಸರ್, ವೇಗದ ಮುಳ್ಳು ಸೊನ್ನೆಯಲ್ಲೇ ಉಂಟು! ಎಂತ ಮಾಡುದು?"

ವೇಗ ಕಡಿಮೆಯಾದರೆ ವಿಮಾನ ಬೀಳುತ್ತದೆ. ಎಷ್ಟಿದೆ ಎಂದು ಹೇಳುವ ಮುಳ್ಳೇ ಕೆಟ್ಟಿತ್ತು. ಸಾಹೇಬರು ಧಾರವಾಡದವರು, ದನಿ ಏರಿಸಲಿಲ್ಲ. "ಮುಳ್ಳು ಮರತಬಿಡು. ಹೊರಗ ನೋಡು. ದಿನಾ ಇಳಿಸೂವಾಗ ಮೂತಿ ಎಲ್ಲಿರತದ, ಇಂಜಿನ್ ಸದ್ದು ಹೆಂಗಿರತದ, ಹಂಗ ಇಟಗೊಂಡು ಬಾ. ಅವಸರ ಬ್ಯಾಡ."

ಮುಂಡಪ್ಪಣ್ಣ ನನ್ನ ತೋಳು ಹಿಡಿದುಕೊಂಡ. "ಒಂದು ಜಾಗ ಬಿಡದೆ ಗಂಧ ಹಚ್ಚಿದ್ದೇನೆ ಮಾರಾಯ. ಮತ್ತೆ ಎಂತಕ್ಕೆ ಹೀಗೆ?" ನನಗೇನು ಗೊತ್ತು?

ವಿಮಾನ ಎರಡು ಸಲ ಕುಪ್ಪಳಿಸಿ ನಿಂತಿತು. ಸಾಹೇಬರು ನೇರ ಆ ಕೊಳವೆಯ ಬಳಿ ಹೋಗಿ ಉಗುರಿನಿಂದ ಕೆರೆದರು. ಒಣಗಿದ ಗಂಧ ಅಕ್ಕಿಯ ಸಮೇತ ಉದುರಿತು. "ಈ ತೂತಿನಾಗ ಗಾಳಿ ಹೊಕ್ಕರಷ್ಟ ಮುಳ್ಳು ಏಳತದ" ಎಂದರು. ಮುಂಡಪ್ಪಣ್ಣನ ಮುಖ ಬಿಳಿಚಿತು. ಆದರೆ ಅವರು ತಿರುಗಿದ್ದು ಪ್ರೇಮನಾಥನ ಕಡೆಗೆ. "ಹಾರೂಕಿಂತ ಮೊದಲ ನೋಡೂದು ನಿನ್ನ ಕೆಲಸ. ನೋಡಲಿಲ್ಲೇನು?"

"ನೋಡಿದೆ ಸರ್. ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ದೇವರ ಗಂಧ ಒರೆಸುದು ಹೇಗೆ?"

ಸಾಹೇಬರ ಕೈ ತಮ್ಮ ಹಣೆಗೆ ಹೋಯಿತು. ಅಲ್ಲೂ ಅದೇ ಗಂಧವಿತ್ತು.

ಮನೆಯಲ್ಲಿ ಜಯಲತಕ್ಕ, "ಕಾಪಾಡಿದ್ದು ದೇವರೇ ಅಲ್ವಾ?" ಎಂದಳು. ಮುಂಡಪ್ಪಣ್ಣ ಕಲಸಿದ ಅನ್ನವನ್ನು ಹಾಗೇ ಬಿಟ್ಟು ಕೂತಿದ್ದ. "ಕಾಪಾಡಿದ್ದೂ ಅವನೇ, ಉಸಿರು ಕಟ್ಟಿಸಿದ್ದೂ ಅವನದೇ ಗಂಧ. ನಾನು ಯಾರಿಗೆ ಕೈಮುಗಿಯುದು ಹೇಳು?"

ಕೆಲಸ ಹೋಗಲಿಲ್ಲ. ಪೂಜೆ ಬೇಡವೆಂದೂ ಯಾರೂ ಹೇಳಲಿಲ್ಲ. ಅಂದಿದ್ದರೆ ಆ ಬಡಪಾಯಿಗೆ ಎಷ್ಟೋ ಹಗುರಾಗುತ್ತಿತ್ತು. ಯಾರಿಗೆ ಕೈಮುಗಿಯುವುದೆಂದು ವರ್ಷವಿಡೀ ಕೇಳಿ ಕೇಳಿ ನನ್ನ ತಲೆ ತಿಂದ.

ಮರುವರ್ಷ ಗಂಧದ ಬಟ್ಟಲು ಹಿಡಿದು ವಿಮಾನದ ಮುಂದೆ ಬಹಳ ಹೊತ್ತು ನಿಂತ. ಕೊನೆಗೆ ಅದೇ ಕೊಳವೆಗೆ ಚಿಕ್ಕದೊಂದು ಬೊಟ್ಟಿಟ್ಟು, ಪ್ರೇಮನಾಥನ ಕೈಗೆ ಒದ್ದೆ ಬಟ್ಟೆ ಕೊಟ್ಟ. "ಒರೆಸಿ. ನೀವು ಒರೆಸುದನ್ನು ನಾನು ನೋಡ್ಬೇಕು." ಹುಡುಗ ಒರೆಸಿ, ತೂತಿಗೆ ಕಣ್ಣಿಟ್ಟು ನೋಡಿ, ಬಟ್ಟೆ ಮರಳಿ ಕೊಟ್ಟ. ಮುಂಡಪ್ಪಣ್ಣ ದೇವರಲ್ಲಿ ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡ.

ವಿಮಾನ ರನ್‌ವೇಯಲ್ಲಿ ಓಡತೊಡಗಿತು. "ಮುಳ್ಳು ಎದ್ದಿತು ಸರ್" ಎಂದಿತು ರೇಡಿಯೊ. ಮುಂಡಪ್ಪಣ್ಣ ಕೈಮುಗಿದ. ಕೈಗಳ ನಡುವೆ ಗಂಧ ಒರೆಸಿದ ಬಟ್ಟೆ ಇತ್ತು.