ಕರೆ ಬಾರದ ಪಂಚಮಿ

ಮೀಸೆ ಅಂಟಿಸುವ ಗೋಂದಿನ ವಾಸನೆ ನಿಮಗೆ ಗೊತ್ತಿರಬೇಕು. ಸ್ಪಿರಿಟ್ಟು, ರಾಳ, ಮನುಷ್ಯನ ಬೆವರು ಮೂರೂ ಕೂಡಿದ ಆ ಘಾಟು ಮೊನ್ನೆ ನಮ್ಮ ಶಾಲೆಯ ಗ್ಯಾದರಿಂಗಿನ ದಿನ ಮೂಗಿಗೆ ಬಡಿಯಿತು. ಐದನೆಯ ಇಯತ್ತೆಯ ಹುಡುಗಿಯೊಬ್ಬಳಿಗೆ ಅರಸನ ಗಡ್ಡ ಹಚ್ಚುತ್ತಿದ್ದರು. ನಾನು ಕೈಯಲ್ಲಿದ್ದ ಚಹಾ ಅಲ್ಲೇ ಇಟ್ಟು ಹೊರಗೆ ಬಂದು ನಿಂತೆ. ಹಿಂದೆಯೇ ಬಂದ ಹೊಸ ಶಿಕ್ಷಕಿ, ‘ಟೀಚರ್, ನೀವು ಇಲ್ಲಂದ್ರ ಈ ಗ್ಯಾದರಿಂಗ್ ಆಗತಿತ್ತೇನ್ರಿ!’ ಅಂದಳು. ಪಾಪ, ಒಳ್ಳೆಯ ಹುಡುಗಿ, ಬದಲಿ ಮಾಸ್ತರರಿದ್ದರೂ ಆಗುತ್ತಿತ್ತು ಅನ್ನುವುದು ಅವಳಿಗೂ ಗೊತ್ತು. ಈಗೀಗ ಯಾರಾದರೂ ಹೊಗಳಿದರೆ ನನಗೆ ಸಂತೋಷವಾಗುವುದಿಲ್ಲ, ದಣಿವಾಗುತ್ತದೆ. ಆ ದಣಿವಿಗೆ ಕಾರಣ ನಮ್ಮ ಅಜ್ಜ. ಅಜ್ಜನಿಗಿಂತ ಹೆಚ್ಚು ನಾನೇ.

ಬ್ಯಾಡಗಿಯ ನಮ್ಮ ಮನೆಯಲ್ಲಿ ಆ ಗೋಂದಿನ ವಾಸನೆಗೆ ಮೆಣಸಿನಕಾಯಿಯ ಘಾಟೂ ಸೇರಿರುತ್ತಿತ್ತು. ಪಡಸಾಲೆಯ ಅರ್ಧ ಭಾಗ ಮೆಣಸಿನಕಾಯಿ ಚೀಲ, ಉಳಿದರ್ಧ ನಾವು. ಹೊಸಬರು ಹೊಸ್ತಿಲು ದಾಟಿದ ಕೂಡಲೆ ಸೀನುತ್ತಿದ್ದರು, ಅವರು ಸೀನಿದ್ದನ್ನು ಕಂಡು ನಮಗೆ ನಗು. ಅಜ್ಜನದು ದಲಾಲಿ ಅಂಗಡಿ. ಒಂದು ಕಾಯಿ ಹಿಡಿದು ಕಿವಿಯ ಹತ್ತಿರ ಅಲುಗಾಡಿಸಿ, ಮುರಿದು, ಬೆರಳಿಗೆ ಹತ್ತಿದ ಬಣ್ಣ ನೋಡಿ, ‘ನಿನ್ನೆ ಸಂಜಿಕ ನೀರು ಹೊಡದೀಯಲ್ಲೋ ತಮ್ಮಾ’ ಎಂದುಬಿಡುತ್ತಿದ್ದ. ತೂಕ ಬರಲೆಂದು ನೀರು ಚಿಮುಕಿಸಿದ ಕಾಯಿಯನ್ನು ಅವನ ಮುಂದೆ ದಾಟಿಸಿದವರಿಲ್ಲ. ನೀರು ಹೊಡೆದ ಮಾತು ಮಾತ್ರ ಅವನಿಗೆ ಎಂದೂ ತಿಳಿಯಲಿಲ್ಲ. ಸಂತೆಯ ಹಮಾಲನಿಂದ ಹಿಡಿದು ಮುನಸಿಪಾಲಿಟಿಯ ಮೆಂಬರನವರೆಗೆ ಯಾರು ‘ಸಾಹುಕಾರ್ರ, ನಿಮ್ಮಂಥಾ ಅರಸು ಹಿಂದ ಇಲ್ಲ, ಮುಂದ ಇಲ್ಲ’ ಅಂದರೂ ಅಜ್ಜ ಅವರಿಗೆ ಚಹಾ ಕುಡಿಸದೆ ಕಳಿಸುತ್ತಿರಲಿಲ್ಲ.

ಅರಸು ಅಂದರೆ ನಾಟಕದ ಅರಸು. ವರ್ಷಕ್ಕೊಮ್ಮೆ ಯುಗಾದಿಯ ಮುಂಚೆ ಪೇಟೆಯ ಮಂದಿ ಕೂಡಿ ಒಂದು ನಾಟಕ ಆಡುತ್ತಿದ್ದರು. ಊರಿನ ಕನ್ನಡ ಶಾಲೆಯ ಮಾಸ್ತರರೊಬ್ಬರು ಬರೆದುಕೊಟ್ಟದ್ದು. ಮುದಿ ಅರಸು ತನ್ನನ್ನು ಕೊಂಡಾಡುವ ಹಿರಿಯ ಮಗನಿಗೆ ಪಟ್ಟ ಕಟ್ಟುತ್ತಾನೆ, ಇದ್ದದ್ದು ಇದ್ದಂತೆ ಹೇಳಿದ ಕಿರಿಯನನ್ನು ಕಾಡಿಗಟ್ಟುತ್ತಾನೆ, ಕಡೆಗೆ ಕಿರಿಯನ ಹೆಣವನ್ನು ತೊಡೆಯ ಮೇಲಿಟ್ಟುಕೊಂಡು ಎದೆಯೊಡೆದು ಸಾಯುತ್ತಾನೆ. ಇಪ್ಪತ್ತು ವರ್ಷ ಅದೇ ನಾಟಕ, ಅದೇ ಅರಸು. ಕಡೆಯ ಅಂಕದಲ್ಲಿ ಅಜ್ಜ ಖರೇನೇ ಅಳುತ್ತಿದ್ದ, ಕೂತವರೂ ಅಳುತ್ತಿದ್ದರು. ಇಷ್ಟು ಸಲ ಅತ್ತವನು ಮನೆಯಲ್ಲಿ ಅದೇ ತಪ್ಪು ಮಾಡಿದನಲ್ಲ, ಇದಕ್ಕೇನನ್ನೋಣ ಹೇಳಿ.

ಎಂಬತ್ತರ ದಶಕದ ನಡುವಿನ ವರ್ಷ, ನನಗೆ ಒಂಬತ್ತು. ಅಜ್ಜಿ ತೀರಿಹೋಗಿ ಬಹಳ ದಿನವಾಗಿತ್ತು. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಅಜ್ಜನ ತಾಲೀಮು. ನಾಟಕದ ನೋಟುಬುಕ್ಕು ಹಿಡಿದುಕೊಂಡು ಅವನ ಬೆನ್ನ ಹಿಂದಿನ ಚೀಲದ ಮೇಲೆ ಕೂರುವುದು ನನ್ನ ಕೆಲಸ. ಮಾತು ತಪ್ಪಿದಾಗ ಅಜ್ಜನ ಕಾಲಿನ ಹೆಬ್ಬೆರಳು ತಾನಾಗಿ ಅಲ್ಲಾಡುತ್ತಿತ್ತು, ನಾನು ಪಿಸುದನಿಯಲ್ಲಿ ಮುಂದಿನ ಮಾತು ಕೊಡುತ್ತಿದ್ದೆ. ಹಿಂದಿನ ವರ್ಷ ಆ ಬೆರಳು ಒಮ್ಮೆಯೋ ಎರಡು ಸಲವೋ ಅಲ್ಲಾಡಿತ್ತು. ಆ ವರ್ಷ ಅದಕ್ಕೆ ಬಿಡುವೇ ಇರಲಿಲ್ಲ. ನಾನು ಹೇಳಿಕೊಟ್ಟದ್ದನ್ನು ತನಗೇ ನೆನಪಾಯಿತೆಂದು ಅಜ್ಜ ನಂಬಿದ್ದ. ತಾಲೀಮು ಮುಗಿದ ಮೇಲೆ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆಲ್ಲ ಶೇಂಗಾ ತಿನಿಸುತ್ತಿದ್ದ.

ಶಿವರಾತ್ರಿಗೆ ಇಬ್ಬರು ಅತ್ತೆಯರೂ ಬಂದಿದ್ದರು. ಅಪ್ಪನ ಅಕ್ಕ ದೊಡ್ಡತ್ತಿ ಹಾವೇರಿಯವಳು. ಅಲ್ಲಿ ಸೇರಿದ ಮೇಲೆ ಹೆತ್ತ ಅಪ್ಪನಿಗೂ ‘ರೀ’ ಹಚ್ಚಿ ಮಾತಾಡಲು ಕಲಿತಿದ್ದಳು. ಅಪ್ಪನ ತಂಗಿ ಶಾಂತತ್ತಿಯನ್ನು ರಾಣೆಬೆನ್ನೂರಿನಾಚೆ ಮೇಡ್ಲೇರಿಗೆ ಕೊಟ್ಟಿದ್ದರು. ಹೊಲಮನೆ ಮಾಡಿ ಕೈ ಒಡೆದಿದ್ದವು, ಮಾತೂ ಹಾಗೇ ಒರಟು. ಅವಳು ಮೂರು ಮಧ್ಯಾಹ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ತಾಲೀಮು ನೋಡಿದಳು. ಅಜ್ಜನ ಹೆಬ್ಬೆರಳನ್ನೂ ನೋಡಿದಳು, ನನ್ನ ತುಟಿಯನ್ನೂ ನೋಡಿದಳು. ನಾಲ್ಕನೆಯ ದಿನ ಎಲ್ಲರೂ ಊಟಕ್ಕೆ ಕೂತಾಗ ಅಜ್ಜನ ತಾಟಿಗೆ ರೊಟ್ಟಿ ಹಾಕುತ್ತ ಹೇಳಿದಳು: ‘ಅಪ್ಪಾ, ಈ ವರ್ಷ ಅರಸನ ಪಾರ್ಟು ಬ್ಯಾರೇದಾವ್ರಿಗೆ ಕೊಡು. ನಿನಗ ಮಾತು ನೆನಪ ಉಳಿಯಾಕತ್ತಿಲ್ಲ. ಮಂದಿ ನಗತಾರ.’

ದೊಡ್ಡತ್ತಿ ಒಡನೆ, ‘ಏನಂತ ಮಾತಾಡ್ತೀಯ ಶಾಂತಿ! ಅಪ್ಪಾರ, ನೀವು ಇಲ್ಲಂದ್ರ ಆ ನಾಟಕಕ್ಕ ನಾಯೀನೂ ಬರಂಗಿಲ್ಲ ನೋಡ್ರಿ’ ಅಂದಳು. ಅಪ್ಪ ಮುದ್ದೆಗಟ್ಟಿದ ಅನ್ನ ಬಿಡಿಸುತ್ತ, ‘ಅದೂ ಖರೇನ’ ಅಂದ. ಅಜ್ಜ ಯಾರನ್ನೂ ನೋಡಲಿಲ್ಲ, ಪಕ್ಕದಲ್ಲಿ ಕೂತಿದ್ದ ನನ್ನ ಕಡೆಗೆ ತಿರುಗಿದ. ‘ಸುಮಿ, ಪುಸ್ತಕ ನಿನ್ನ ಕೈಯಾಗ ಇರತೈತಿ. ನೀ ಹೇಳು. ನಾ ಮಾತು ಮರೀತೇನೇನು?’

ಅವನ ಕಣ್ಣು ಈಗಲೂ ನನಗೆ ಕಾಣುತ್ತವೆ. ಅಷ್ಟು ದೊಡ್ಡ ಮನುಷ್ಯ ಅಷ್ಟು ಅಂಜಿದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ. ‘ಇಲ್ಲಜ್ಜ, ಒಂದ ಮಾತೂ ಮರತಿಲ್ಲ’ ಅಂದೆ. ಪ್ರೀತಿಗೆ ಅಂದೆನೋ, ತೊಡೆಯ ಮೇಲಿನ ಜಾಗ ಹೋದೀತೆಂದು ಅಂದೆನೋ, ಇಷ್ಟು ವರ್ಷ ಕೇಳಿಕೊಂಡರೂ ಬಗೆಹರಿದಿಲ್ಲ. ಎರಡನೆಯದೇ ಇರಬೇಕು. ಶಾಂತತ್ತಿ ನನ್ನನ್ನು ಒಂದು ಗಳಿಗೆ ನೋಡಿ ರೊಟ್ಟಿಯ ಬುಟ್ಟಿ ಕೆಳಗಿಟ್ಟಳು. ಅಜ್ಜನ ದನಿ ಏರಿತು. ‘ಕೇಳಿದೇನು? ಕೂಸಿನ ಬಾಯಾಗ ಸುಳ್ಳ ಬರತೈತೇನು? ಅಪ್ಪನ ಮಾನ ಕಳಿಯಾಕ ಗಂಡನ ಮನಿಯವರು ಕಲಿಸಿ ಕಳಿಸ್ಯಾರೇನು ನಿನ್ನ?’

‘ಯಾರೂ ಕಲಿಸಿಲ್ಲಪ್ಪ. ನಿನ್ನ ನೋಡಿ ಮಂದಿ ನಕ್ಕರ ನನಗ ತಡಕೊಳ್ಳಾಕ ಆಗಂಗಿಲ್ಲ. ಅದಕ್ಕ ಹೇಳಿದೆ.’

‘ಹಂಗಾರ ಈ ಮನಿ ಕಡೆ ನೋಡಬ್ಯಾಡ. ಕರಿಯಾಕೂ ಯಾರೂ ಬರಂಗಿಲ್ಲ.’

ಮರುದಿನ ಬೆಳಗಿನ ಬಸ್ಸಿಗೆ ಅವಳು ಹೋದಳು. ‘ಇದ್ದದ್ದು ಇದ್ಹಾಂಗ ಹೇಳಿದರ ಎದ್ದು ಬಂದು ಎದಿಗೆ ಒದ್ದರಂತ’ ಎಂದು ಅವ್ವ ಒಲೆಯ ಮುಂದೆ ಗೊಣಗಿದಳು, ಅಜ್ಜನಿಗೆ ಕೇಳಿಸದಷ್ಟು ಮೆಲ್ಲಗೆ.

ಯುಗಾದಿಯ ಮುಂಚಿನ ಆ ಸಂಜೆ ನಾನು ಮುಂದಿನ ಜಮಖಾನೆಯಲ್ಲಿ ಹೆಂಗಸರ ನಡುವೆ ಕೂತಿದ್ದೆ. ಮೊದಲಿನ ಅಂಕಗಳು ಹೇಗೋ ಎಳೆದುಕೊಂಡು ಹೋದವು. ಪರದೆಯ ಹಿಂದಿನಿಂದ ಮಾಸ್ತರರು ಮಾತು ಕೊಡುತ್ತಿದ್ದರು, ಅಷ್ಟು ದೂರದಿಂದ ಅದು ಅಜ್ಜನ ಕಿವಿಗೆ ತಲುಪುತ್ತಿರಲಿಲ್ಲ. ಕಡೆಯ ಅಂಕದಲ್ಲಿ ಮಗನ ಹೆಣ ತೊಡೆಯ ಮೇಲಿತ್ತು. ಅಜ್ಜ ಬಾಯಿ ತೆರೆದ, ಮಾತು ಬರಲಿಲ್ಲ. ಕಾಲಿನ ಹೆಬ್ಬೆರಳು ಅಲ್ಲಾಡತೊಡಗಿತು. ನನಗೆ ಗೊತ್ತಿದ್ದ ಮಾತು ನನ್ನ ನಾಲಗೆಯ ತುದಿಯಲ್ಲೇ ಇತ್ತು, ಅವನ ಬೆನ್ನ ಹಿಂದೆ ಮಾತ್ರ ನಾನಿರಲಿಲ್ಲ. ಆಮೇಲೆ ಅಜ್ಜ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಮಂದಿಯಲ್ಲಿ ಹುಡುಕಿ ಕೂಗಿದ: ‘ಸುಮೀ, ಮುಂದಿಂದೇನ?’ ಇಡೀ ಪೇಟೆ ನಕ್ಕಿತು. ಸೀಟಿ ಬಿದ್ದವು. ತೊಡೆಯ ಮೇಲೆ ಸತ್ತು ಬಿದ್ದಿದ್ದ ರಾಜಕುಮಾರನೂ ತಡೆಯಲಾರದೆ ನಕ್ಕುಬಿಟ್ಟ, ಅವನ ಹೊಟ್ಟೆ ಕುಣಿಯುವುದು ನನಗೆ ಕಾಣುತ್ತಿತ್ತು.

ಮರುದಿನ ಪೇಟೆಯಲ್ಲಿ ‘ಭಾರೀ ಆತ್ರಿ ಸಾಹುಕಾರ್ರ’ ಅನ್ನುವವರೇ. ನಾಟಕಕ್ಕೆಂದು ಬಂದಿದ್ದ ದೊಡ್ಡತ್ತಿ ಮೈಕು ಕೆಟ್ಟಿತ್ತೆಂದಳು. ಅಜ್ಜ ಮಾತ್ರ ಯಾರಿಗೂ ಚಹಾ ಹೇಳಲಿಲ್ಲ. ಅವನಿಗೆ ಎಲ್ಲ ತಿಳಿದಿತ್ತು. ಇನ್ನೇನು ಶಾಂತತ್ತಿಗೆ ಹೇಳಿ ಕಳಿಸುತ್ತಾನೆ ಎಂದು ನಾನು ಕಾದೆ. ಆದರೆ ತಪ್ಪು ತನ್ನದೆಂದು ಗೊತ್ತಾದ ಮೇಲೆ ಕರೆಯುವುದು ಅವನಿಗೆ ಮೊದಲಿಗಿಂತ ಕಷ್ಟವಾಯಿತು.

ನಮ್ಮ ಕಡೆ ಶ್ರಾವಣದ ಪಂಚಮಿಗೆ ಕೊಟ್ಟ ಹೆಣ್ಣುಮಗಳು ತಾನಾಗಿ ತವರಿಗೆ ಬರುವುದಿಲ್ಲ. ತವರಿನವರು ಉಂಡಿ ಕಟ್ಟಿಕೊಂಡು ಹೋಗಿ ಕರೆದು ತರಬೇಕು. ಕರೆ ಬಾರದ ಹೆಣ್ಣಿಗೆ ಊರವರ ಮುಂದೆ ತಲೆ ಎತ್ತುವುದು ಕಷ್ಟ. ಆ ವರ್ಷ ಅವ್ವ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಮಾಡಿ ಒಂದು ಡಬ್ಬಿ ತುಂಬಿ ಗೋಡೆಯ ಮಾಡದಲ್ಲಿ ಇಟ್ಟಳು. ಅಪ್ಪ ಅಂಗಿ ತೊಟ್ಟು ಎರಡು ಸಲ ಅಜ್ಜನ ಮುಂದೆ ಅಡ್ಡಾಡಿದ. ಅಜ್ಜ ‘ಹೋಗು’ ಅನ್ನಲಿಲ್ಲ, ಅಪ್ಪ ಕೇಳಲಿಲ್ಲ. ‘ಸುಳ್ಳು ಹೇಳಿದವಳು ನಾನು’ ಎಂದು ನಾನು ಒಂದು ಮಾತು ಅಂದಿದ್ದರೆ ಅಜ್ಜನಿಗೊಂದು ನೆವ ಸಿಗುತ್ತಿತ್ತು. ವಾರವಿಡೀ ದಿನಾ ಅನ್ನಬೇಕೆಂದುಕೊಂಡೆ. ಪಂಚಮಿ ಕಳೆದ ಮೇಲೆ ಆ ಉಂಡಿಯನ್ನು ನಾವೇ ತಿಂದೆವು. ಮರುವರ್ಷವೂ ಇದೇ.

ಅದರ ಮುಂದಿನ ಬೇಸಿಗೆಯಲ್ಲಿ ಅಜ್ಜನಿಗೆ ಲಕ್ವ ಹೊಡೆಯಿತು, ಬಾಯಿ ಬಿದ್ದುಹೋಯಿತು. ಸುದ್ದಿ ಕೇಳಿದ ದಿನವೇ ಶಾಂತತ್ತಿ ಬಂದಳು. ಕರೆಯದೆ ಬಂದೆಯಾ ಎಂದು ದೊಡ್ಡತ್ತಿ ಚುಚ್ಚಿದ್ದಕ್ಕೆ, ‘ಹಬ್ಬಕ್ಕ ಕರಿಬೇಕವಾ, ಬ್ಯಾನಿಗೆ ಯಾರು ಕರೀತಾರ’ ಅಂದು ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಂತಳು. ಒಂದೂವರೆ ತಿಂಗಳು ಅವನ ಮೈ ಒರೆಸಿದಳು, ಗಂಜಿ ಕುಡಿಸಿದಳು. ಅಜ್ಜ ಅವಳ ಮುಖ ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದ, ಏನೂ ಹೊರಡುತ್ತಿರಲಿಲ್ಲ. ಶ್ರಾವಣ ಬರುವ ಮೊದಲೇ ಹೋಗಿಬಿಟ್ಟ. ಅಲ್ಲಿಂದ ಮುಂದೆ ಅಪ್ಪ ವರ್ಷ ತಪ್ಪದೆ ಹೋಗಿ ತಂಗಿಯನ್ನು ಕರೆತಂದ. ಆದರೆ ಅವಳು ಕಾದಿದ್ದ ಕರೆ ಅಪ್ಪನದಲ್ಲ.

ತೊಂಬತ್ತರ ದಶಕದ ಕೊನೆಗೆ ನನ್ನ ಮದುವೆಯಾಯಿತು. ಮೊದಲ ಪಂಚಮಿಗೆ ಅಪ್ಪ ಬರುವುದು ಮಧ್ಯಾಹ್ನವಾಯಿತು. ಬೆಳಗಿನಿಂದ ಅಲ್ಲಿಯವರೆಗೆ ಗಂಡನ ಮನೆಯ ಬಾಗಿಲಲ್ಲಿ ಬಸ್ಸಿನ ಸಪ್ಪಳಕ್ಕೆ ಕಿವಿಗೊಟ್ಟು ಕೂತಾಗ, ಎರಡು ವರ್ಷ ಶಾಂತತ್ತಿ ಹೇಗೆ ಕೂತಿದ್ದಳೆಂಬುದು ನನಗೆ ತಿಳಿಯಿತು. ಬ್ಯಾಡಗಿಗೆ ಬಂದಾಗ ಅವಳು ಹಿತ್ತಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಹತ್ತಿರ ಕೂತು ಎಲ್ಲ ಹೇಳಿದೆ: ಹೆಬ್ಬೆರಳು, ನೋಟುಬುಕ್ಕು, ನನ್ನ ಸುಳ್ಳು. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.

ಅವಳು ಅಕ್ಕಿಯ ಮೊರದಿಂದ ತಲೆ ಎತ್ತಲಿಲ್ಲ. ‘ಗೊತ್ತಿತ್ತಲ್ಲ. ನಾ ಬಾಗಲದಾಗ ನಿಂತು ನೋಡಿದ್ನಲ್ಲ.’

‘ಮತ್ತ ಅವತ್ತ ಯಾಕ ಹೇಳಲಿಲ್ಲತ್ತಿ? ಸುಮಿನ ಹೇಳಿಕೊಡತಾಳ ಅಂತ ಒಂದ ಮಾತು ಅಂದಿದ್ರ…’

‘ಅಂದಿದ್ರ ನಿನ್ನೂ ತೊಡಿಮ್ಯಾಲಿಂದ ಇಳಿಸ್ತಿದ್ದ’ ಅಂದಳು ಶಾಂತತ್ತಿ. ‘ಮುದುಕಗ ಒಬ್ಬರರ ಬೇಕಲ್ಲವಾ.’