ಮೇಸ್ತ್ರಿಯ ‘ಆಗ್ಲಿ’

ನಮ್ಮ ತೋಟದ ಮೇಸ್ತ್ರಿಯ ಕಾಲಿನ ಹೆಬ್ಬೆರಳುಗಳು ಉಳಿದ ಬೆರಳುಗಳ ಸಹವಾಸವೇ ಬೇಡವೆಂಬಂತೆ ದೂರ ನಿಂತಿದ್ದವು. ನಲವತ್ತು ವರ್ಷ ಮರ ಹತ್ತಿ ಹತ್ತಿ ಹಾಗಾದ ಕಾಲು ಅದು. ಯಾವ ಚಪ್ಪಲಿಯೂ ಒಗ್ಗುತ್ತಿರಲಿಲ್ಲ. ಕೆಸರಿನಲ್ಲಿ ಆ ಹೆಜ್ಜೆ ನೋಡಿದರೆ ಸಾಕು, ಬೆಳಿಗ್ಗೆ ಅವರು ತೋಟದ ಯಾವ ಕಡೆ ಹೋಗಿದ್ದಾರೆಂದು ಗೊತ್ತಾಗುತ್ತಿತ್ತು.

ಅವರ ಬಗ್ಗೆ ಬರೆಯಲೇಬೇಕೆನಿಸಿದ್ದು ಹೋದ ತಿಂಗಳು. ಸಕಲೇಶಪುರದಲ್ಲಿ ಕಾಫಿ ಬೆಳೆಯುವ ಹೆಂಗಸರ ಸಭೆಯಿತ್ತು. ನನ್ನನ್ನು ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸಿದರು. ಕಾಲೇಜು ಹುಡುಗಿಯೊಬ್ಬಳು ಮೈಕು ಹಿಡಿದು ಎದ್ದು ನಿಂತಳು. ‘ಇಪ್ಪತ್ತಾರನೇ ವಯಸ್ಸಲ್ಲಿ ಒಬ್ಬರೇ ತೋಟ ನಡೆಸ್ತಿದ್ದ ಆ ನಿಮಗೆ ಈಗ ಒಂದು ಬುದ್ಧಿಮಾತು ಹೇಳೋದಾದ್ರೆ ಏನು ಹೇಳ್ತೀರಾ ಮೇಡಂ?’

‘ಧೈರ್ಯವಾಗಿರು, ಯಾರ ಮಾತಿಗೂ ಬಗ್ಗಬೇಡ ಅಂತೀನಿ’ ಅಂದೆ. ಜೋರು ಚಪ್ಪಾಳೆ ಬಿತ್ತು. ಅಷ್ಟು ದೊಡ್ಡ ಸುಳ್ಳನ್ನು ನಾನು ಹೇಳಿ ಬಹಳ ದಿನವಾಗಿತ್ತು. ಇಪ್ಪತ್ತಾರರಲ್ಲಿ ನನಗೆ ಧೈರ್ಯಕ್ಕೇನೂ ಕೊರತೆಯಿರಲಿಲ್ಲ. ಕಿವಿ ಇರಲಿಲ್ಲ.

ಅಪ್ಪ ತೀರಿಕೊಂಡಾಗ ಹೊಂಗಡಹಳ್ಳದ ಆಚೆಗಿನ ತೋಟ ನನ್ನ ಕೈಗೆ ಬಂತು. ಆಗ ನನಗೆ ರೋಬಸ್ಟಾ ಯಾವುದು, ಅರೇಬಿಕಾ ಯಾವುದು ಎಂದು ಹೇಳಲು ಬರುತ್ತಿತ್ತು, ಅಷ್ಟೇ. ಉಳಿದದ್ದೆಲ್ಲ ಕಲಿಸಿದವರು ಮೇಸ್ತ್ರಿ. ಕಲಿಸುತ್ತಿದ್ದೇನೆ ಎಂದು ತೋರಿಸಿಕೊಳ್ಳದೆ ಕಲಿಸಿದರು. ಒಣಗಿದ ಕಾಫಿ ಬೀಜ ಕಚ್ಚಿ ಸದ್ದು ಕೇಳಿಸಿದರು. ಗಿಡದ ಬುಡದಲ್ಲಿ ನನ್ನನ್ನು ನಿಲ್ಲಿಸಿ, ‘ಮೇಲೆ ನೋಡಿ ಅಮ್ಮಾರೆ. ಬಿಸ್ಲು ಮಕದ್ ಮೇಲೆ ಬೊಟ್ಟುಬೊಟ್ಟಾಗಿ ಬಿದ್ರೆ ನೆಳ್ಳು ಸರಿಯಾಗೈತೆ. ಮಕ ಪೂರ್ತಿ ಸುಟ್ರೆ ಕೊಂಬೆ ಕಡ್ದಿದ್ದು ಜಾಸ್ತಿ ಆಗ್ಬುಡ್ತು ಅಂತ’ ಅಂದಿದ್ದರು. ಈ ಮಾತನ್ನು ನಾನು ಈಗಲೂ ಸಭೆಗಳಲ್ಲಿ ಹೇಳುತ್ತೇನೆ, ನನ್ನದೇ ಎಂಬಂತೆ.

ನಾನು ಹೇಳಿದ ಕೆಲವು ಕೆಲಸಕ್ಕೆ ಅವರು ‘ಮಾಡಾಣ ಬುಡಿ’ ಅನ್ನುತ್ತಿದ್ದರು. ಅವು ಎರಡೇ ದಿನದಲ್ಲಿ ಮುಗಿಯುತ್ತಿದ್ದವು. ಇನ್ನು ಕೆಲವಕ್ಕೆ ‘ಆಗ್ಲಿ’ ಅನ್ನುತ್ತಿದ್ದರು. ಅವು ತಿಂಗಳು ಕಳೆದರೂ ಆಗುತ್ತಿರಲಿಲ್ಲ. ನೀರು ನಿಲ್ಲುವ ತಗ್ಗಿನಲ್ಲಿ ಮೆಣಸಿನ ಬಳ್ಳಿ ಹಾಕಿಸಿ ಅಂದಿದ್ದೆ. ‘ಆಗ್ಲಿ’ ಅಂದರು, ಹಾಕಿಸಲಿಲ್ಲ. ಮುದುಕನಿಗೆ ಮರೆವು ಎಂದುಕೊಂಡೆ. ನೆಂಟರ ಮುಂದೆ ಅವರ ದನಿಯಲ್ಲಿ ‘ಆಗ್ಲಿ ಆಗ್ಲಿ’ ಅಂತ ಅಣಕಿಸಿ ನಗಿಸಿದ್ದೂ ಉಂಟು.

ನನಗೆ ಇಪ್ಪತ್ತಾರು ತುಂಬಿದ ವರ್ಷ ಮಳೆ ಬೇಗ ಹಿಡಿಯಿತು. ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಮನೆ ಎದುರಿನ ಇಳಿಜಾರಿನಲ್ಲಿ ಬಾಕಿ ಉಳಿದಿತ್ತು. ಮಾರನೆಯ ದಿನ ಬೆಳೆಗಾರರ ಮನೆಯ ಹೆಂಗಸರು ನನ್ನ ತೋಟ ನೋಡಲು ಬರುವವರಿದ್ದರು. ಹೆಣ್ಣೊಬ್ಬಳು ಒಂಟಿಯಾಗಿ ನಡೆಸುವ ತೋಟ ಹೇಗಿದೆ ಎಂದು ಅವರಿಗೆ ತೋರಿಸಬೇಕಿತ್ತು. ಕಾರಣ ಅಷ್ಟೇ. ಬೇರೆ ಯಾವ ಕಾರಣವೂ ಇರಲಿಲ್ಲ.

‘ಮೇಸ್ತ್ರಿ, ಇವತ್ತೇ ಆ ಅತ್ತಿ ಮರಗಳ ಕೊಂಬೆ ಕಡಿಸಿಬಿಡಿ.’

ಅವರು ಮರದ ಕಾಂಡದ ಮೇಲೆ ಅಂಗೈ ಇಟ್ಟರು. ಪಾಚಿಯಿಂದ ನೀರು ಒಸರಿತು. ‘ಆಗ್ಲಿ’ ಅಂದರು.

ನಾನು ಒಳಗೆ ಹೋಗಿ ತಿಂಡಿ ತಿಂದು ಬಂದೆ. ಅವರು ಅಲ್ಲೇ ಕತ್ತಿ ಮಸೆಯುತ್ತ ಕೂತಿದ್ದರು. ನನಗೆ ರೇಗಿತು. ‘ನಿಮ್ಮ ಆಗ್ಲಿ ನನಗೆ ಗೊತ್ತು ಮೇಸ್ತ್ರಿ. ಆಗ್ಲಿ ಅಂತೀರಿ, ಮಾಡಲ್ಲ. ಆಗಲ್ಲ ಅಂದ್ರೆ ಹೇಳಿ, ಬೇರೆಯವರನ್ನ ಕರೆಸ್ತೀನಿ’ ಅಂದೆ. ಆಳುಗಳೆಲ್ಲ ಕೇಳಿಸಿಕೊಳ್ಳುತ್ತಿದ್ದರು.

‘ಆಗ್ಲಿ ಅಮ್ಮಾರೆ’ ಎಂದು ಎದ್ದರು. ಮರ ಹತ್ತಲು ಇಬ್ಬರು ಗಂಡಾಳುಗಳು ಮುಂದೆ ಬಂದರೆ, ‘ನೀವ್ ನಿಂತ್ಕಳಿ’ ಎಂದು ತಡೆದರು. ಐವತ್ತೆಂಟರ ವಯಸ್ಸಿನಲ್ಲಿ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿ ತಾವೇ ಹತ್ತಿದರು. ಎರಡು ಮರ ಮುಗಿಸಿದರು. ಮೂರನೆಯದರ ಕವಲಿನಲ್ಲಿ ಕಾಲು ಜಾರಿತು.

ಹಾಸನದ ಆಸ್ಪತ್ರೆಯಲ್ಲಿ ಬೆನ್ನುಮೂಳೆ ಮುರಿದಿದೆ ಅಂದರು. ಸೊಂಟದಿಂದ ಕೆಳಗೆ ಸ್ಪರ್ಶವೇ ಹೋಯಿತು. ಆಮೇಲೆ ಒಂಬತ್ತು ವರ್ಷ ಅವರು ತೋಟದಾಳುಗಳ ಲೈನಿನ ಮನೆಯ ಜಗುಲಿಯ ಮೇಲೆ ಮಲಗಿದ್ದರು. ಅವರಿಗಾಗಿ ನಾನು ಮಾಡಿದ್ದನ್ನೆಲ್ಲ ಊರವರು ಹೊಗಳುತ್ತಾರೆ. ಇಂಥ ಧಣಿ ಎಲ್ಲೂ ಸಿಗಲ್ಲ ಅನ್ನುತ್ತಾರೆ. ಕೇಳಿದಾಗೆಲ್ಲ ಮಾತು ಬೇರೆ ಕಡೆ ತಿರುಗಿಸುತ್ತೇನೆ.

ಒಂದು ದಿನ ತಡೆಯಲಾರದೆ ಅವರನ್ನೇ ಕೇಳಿದೆ. ‘ಬೇಡ ಅಂತ ಒಂದು ಮಾತು ಯಾಕೆ ಹೇಳಲಿಲ್ಲ ಮೇಸ್ತ್ರಿ?’

ಅವರು ನಿಜಕ್ಕೂ ಆಶ್ಚರ್ಯದಿಂದ ನನ್ನನ್ನು ನೋಡಿದರು. ‘ಹೇಳಿದ್ನಲ್ಲ ಅಮ್ಮಾರೆ. ಎರಡ್ ಸಲ ಆಗ್ಲಿ ಅಂದೆ.’

ನನ್ನ ಮುಖ ನೋಡಿ ಬಿಡಿಸಿ ಹೇಳಿದರು. ‘ಧಣಿಗೆ ಬ್ಯಾಡ ಅಂತ ಮಕಕ್ಕೆ ಹೊಡ್ದಂಗೆ ಹೆಂಗ್ ಅನ್ನಾದು? ನಿಮ್ ಅಪ್ಪಾರಿಗೆ ಗೊತ್ತಾಗ್ತಿತ್ತು. ನಾನು ಆಗ್ಲಿ ಅಂದ್ರೆ, ಸರಿ ಬುಡು ಮಾರಾಯ ಅಂತ ಸುಮ್ನಾಗ್ಬುಡೋರು. ನಿಮ್ಗೂ ಗೊತ್ತು ಅಂದ್ಕಂಡಿದ್ದೆ. ಗೊತ್ತಿದ್ದೂ ಹತ್ತು ಅಂತಾವ್ರೆ ಅಂದ್ಕಂಡೆ.’

ಗೊತ್ತಿದ್ದೂ ಹತ್ತಿಸಿದಳು ಎಂದುಕೊಂಡೇ ಆ ಮನುಷ್ಯ ಮರ ಹತ್ತಿದ್ದರು. ಬೇರೆಯವರನ್ನು ಹತ್ತಿಸಬಾರದೆಂದು ತಾವೇ ಹತ್ತಿದ್ದರು. ನಾನು ಅಣಕಿಸಿ ನಗುತ್ತಿದ್ದ ಮಾತಿನ ಅರ್ಥ ತೋಟದ ಪ್ರತಿಯೊಬ್ಬ ಆಳಿಗೂ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

ಆ ಇಪ್ಪತ್ತಾರರ ಹುಡುಗಿಗೆ ಹೇಳಲು ನನ್ನ ಹತ್ತಿರ ಇರುವುದು ಇಷ್ಟೇ. ನಿನ್ನ ಎದುರು ಕೈಕಟ್ಟಿ ನಿಂತವರು ಒಪ್ಪಿದರೆ ಹಿಗ್ಗಬೇಡ, ಇನ್ನೊಂದು ಸಲ ಕೇಳು. ದನಿ ಏರಿಸದೆ ಕೇಳು. ಆದರೆ ಅವಳು ಕೇಳುವವಳಲ್ಲ. ನಾನು ಅವಳನ್ನು ಬಲ್ಲೆ.

ಹೋದ ವರ್ಷ ಮಳೆಗಾಲ ಶುರುವಾಗುವ ಮೊದಲು ಮೇಸ್ತ್ರಿ ತೀರಿಕೊಂಡರು. ಹೆಣ ಮೀಯಿಸುವಾಗ ಪಾದ ನೋಡಿದೆ. ಹೆಬ್ಬೆರಳು ಹಾಗೇ ದೂರ ನಿಂತಿತ್ತು, ಆದರೆ ಅಂಗಾಲು ಎಳೆಮಗುವಿನದರಂತೆ ಮೆತ್ತಗಾಗಿತ್ತು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಅವರ ಹೆಂಡತಿಯ ಪಕ್ಕ ಕೂತೆ. ಒಂಬತ್ತು ವರ್ಷದಿಂದ ಬಾಯಿಗೆ ಬಂದು ನಿಂತಿದ್ದನ್ನು ಹೇಳಿದೆ. ‘ತಪ್ಪಾಯ್ತು ಅಕ್ಕ. ನನ್ನ ಕ್ಷಮಿಸಿಬಿಡಿ.’

ಆಕೆ ಕಾಫಿ ಲೋಟ ತಂದು ನನ್ನ ಕೈಗಿಟ್ಟರು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

‘ಆಗ್ಲಿ ಅಮ್ಮಾರೆ’ ಅಂದರು.

ಈ ಸಲ ನನಗೆ ಸರಿಯಾಗಿ ಕೇಳಿಸಿತು.